ಕಣ್ಣೆರಡು ಬಿಟ್ಟು

ಮಗನನ್ನು ಮೊದಲ ಸಲ ಶಾಲೆಗೆ ಬಿಡಲು ಹೋದ ಅಪ್ಪಂದಿರು ನಮ್ಮ ಮುದ್ದೇಬಿಹಾಳದ ಕಡೆ ಮಾಸ್ತರರಿಗೆ ಹೇಳುತ್ತಿದ್ದ ಮಾತೊಂದಿತ್ತು: ‘ಕಣ್ಣೆರಡ ಬಿಟ್ಟ ಎಲ್ಲಿ ಬೇಕಾದ್ರೂ ಹೊಡೀರಿ ಸರ್, ನಾ ಏನೂ ಕೇಳಂಗಿಲ್ಲ.’ ನನ್ನ ಅಪ್ಪನೂ ಹೇಳಿದ್ದ. ಅವನ ಧೋತರದ ಚುಂಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮಾತು ಮುಗಿದ ಮೇಲೆ ಇಬ್ಬರೂ ನಕ್ಕರು. ಆ ನಗು ಈಗಲೂ ನೆನಪಿದೆ. ಮರುದಿನದಿಂದ ನನ್ನ ಮೈಯೆಲ್ಲ ಮಾಸ್ತರರದು, ಕಣ್ಣೆರಡಷ್ಟೇ ನನ್ನವು ಎಂದು ನಾನು ಖರೇನ ನಂಬಿದ್ದೆ.

ಈ ಮಾತು ಸತ್ತಿಲ್ಲ. ಧೋತರ ಹೋಗಿ ಪ್ಯಾಂಟು ಬಂದಿದೆ, ಊರ ಶಾಲೆಯ ಜಾಗದಲ್ಲಿ ಕೋಚಿಂಗ್ ಬಂದಿದೆ. ಆಲಮಟ್ಟಿಯ ನವೋದಯ, ವಿಜಯಪುರದ ಸೈನಿಕ ಶಾಲೆ, ಇಲ್ಲದಿದ್ದರೆ ಮೊರಾರ್ಜಿ ವಸತಿ ಶಾಲೆ: ಆರನೆಯ ತರಗತಿಯ ಒಂದು ಸೀಟಿಗಾಗಿ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ಮನೆ ಬಿಡಿಸಿ ತಯಾರಿಗೆ ಹಾಕುವುದು ನಮ್ಮ ಜಿಲ್ಲೆಯಲ್ಲಿ ಮಾಮೂಲಾಗಿದೆ. ಟ್ರಂಕು ಇಳಿಸಿ, ಫೀ ಕಟ್ಟಿ, ಹೊರಡುವಾಗ ಅಪ್ಪ ಅದೇ ಮಾತು ಹೇಳುತ್ತಾನೆ. ಅದನ್ನು ಅವನು ಪ್ರೀತಿಯಿಂದಲೇ ಹೇಳುತ್ತಾನೆ, ಹುಡುಗ ತನ್ನಂತೆ ಗುಳೆ ಹೋಗುವುದು ಬೇಡ ಎಂಬ ಆಸೆಯಿಂದ ಹೇಳುತ್ತಾನೆ. ಈ ಪ್ರಶ್ನೆ ಕಠಿಣವಾಗುವುದು ಅಲ್ಲೇ. ಮಕ್ಕಳನ್ನು ಹೊಡೆಯುವವರಲ್ಲಿ ಬಹುತೇಕರು ಕ್ರೂರಿಗಳಲ್ಲ. ಹಾಗಿದ್ದರೆ ತಿದ್ದುವುದು ಎಲ್ಲಿ ಮುಗಿಯುತ್ತದೆ, ಹಿಂಸೆ ಎಲ್ಲಿ ಶುರುವಾಗುತ್ತದೆ?

‘ಕಣ್ಣೆರಡು ಬಿಟ್ಟು’ ಎಂಬುದೂ ಒಂದು ಗೆರೆಯೇ. ಇಂಥ ಗೆರೆಗಳನ್ನು ಎಳೆಯುವ ಕೆಲಸ ಬಹಳ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯ ತಪ್ಪು ಮಾಡಿದ ಹೆಂಡತಿ, ಮಗ, ದಾಸ, ಆಳು, ತಮ್ಮ ಇವರನ್ನು ಹಗ್ಗದಿಂದಲೋ ಬಿದಿರಿನ ಸೀಳಿನಿಂದಲೋ ಹೊಡೆಯಬಹುದು ಎನ್ನುತ್ತದೆ. ಆದರೆ ಬೆನ್ನಿನ ಮೇಲೆ ಮಾತ್ರ, ತಲೆಗೆ ಕೂಡದು. ಮೀರಿದವನಿಗೆ ಕಳ್ಳನ ಪಾಪ. ಚಾಣಕ್ಯನ ಹೆಸರಿನಲ್ಲಿ ಓಡಾಡುವ ಶ್ಲೋಕ ಗೆರೆಯನ್ನು ವಯಸ್ಸಿನ ಮೇಲೆ ಎಳೆಯಿತು: ಐದು ವರ್ಷ ಮುದ್ದು, ಮುಂದಿನ ಹತ್ತು ವರ್ಷ ಪೆಟ್ಟು, ಹದಿನಾರಕ್ಕೆ ಗೆಳೆತನ. ಗಾಂವಟಿ ಶಾಲೆಗಳಲ್ಲಿ ಕೋದಂಡ ಹಾಕುತ್ತಿದ್ದರು, ಅಂದರೆ ತೊಲೆಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬಿಡುತ್ತಿದ್ದರು. ಅಲ್ಲಿಯೂ ಒಂದು ಲೆಕ್ಕ ಇದ್ದೇ ಇತ್ತು. ಎಲ್ಲ ಕಾಲದಲ್ಲೂ ದೊಡ್ಡವರು ಗೆರೆ ಎಳೆದದ್ದು ಮಗುವಿನ ಮೈಮೇಲೆ. ಎಲ್ಲಿ ಹೊಡೆಯಬೇಕು, ಯಾತರಿಂದ, ಎಷ್ಟು ಎಂಬ ಚರ್ಚೆ ನಡೆಯಿತು. ಹೊಡೆಯಬೇಕೇ ಎಂಬುದು ಚರ್ಚೆಗೆ ಬಂದದ್ದು ಅಪರೂಪ.

ನಮ್ಮ ಕಾನೂನು ಹುಟ್ಟಿದ ವರ್ಷದ ಒಂದು ಕತೆಯನ್ನು ಇಲ್ಲಿ ಹೇಳಲೇಬೇಕು. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬರ್ನ್‌ನಲ್ಲಿ ಥಾಮಸ್ ಹೋಪ್ಲಿ ಎಂಬ ಮಾಸ್ತರ ಖಾಸಗಿ ಶಾಲೆ ನಡೆಸುತ್ತಿದ್ದ. ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿ ಎಷ್ಟು ಹೇಳಿಕೊಟ್ಟರೂ ಲೆಕ್ಕ ಕಲಿಯುತ್ತಿರಲಿಲ್ಲ. ಇದು ಮೊಂಡುತನ, ಬಿಗಿಯಾಗಿ ಶಿಕ್ಷಿಸಲು ಅನುಮತಿ ಬೇಕು ಎಂದು ಹೋಪ್ಲಿ ಹುಡುಗನ ತಂದೆಗೆ ಪತ್ರ ಬರೆದ. ತಂದೆ ಒಪ್ಪಿದ. ಒಂದು ರಾತ್ರಿ ದಪ್ಪ ಕೋಲಿನಿಂದ, ಹಗ್ಗದಿಂದ ತಾಸುಗಟ್ಟಲೆ ಹೊಡೆತ ಬಿದ್ದು ಹುಡುಗ ಸತ್ತ. ಶವಪರೀಕ್ಷೆಯಲ್ಲಿ ತಲೆಬುರುಡೆಯೊಳಗೆ ನೀರು ತುಂಬಿದ್ದು ಕಂಡಿತು. ಮೊಂಡುತನ ಎಂದುಕೊಂಡದ್ದು ಮಿದುಳಿನ ಬೇನೆಯಾಗಿತ್ತು. ಹೋಪ್ಲಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ತಂದೆ ಅಥವಾ ಗುರು ‘ಮಿತವಾದ, ಸಮಂಜಸವಾದ’ ದೈಹಿಕ ಶಿಕ್ಷೆ ಕೊಡಬಹುದು, ಸಿಟ್ಟು ತೀರಿಸಿಕೊಳ್ಳಲು ಹೊಡೆದರೆ, ಅತಿಯಾಗಿ ಹೊಡೆದರೆ ಅಪರಾಧ ಎಂದು ನ್ಯಾಯಾಧೀಶ ಕಾಕ್‌ಬರ್ನ್ ಹೇಳಿದ್ದು ಈ ಪ್ರಕರಣದಲ್ಲಿ. ಹುಡುಗನ ಸಾವಿನಿಂದ ಲೋಕಕ್ಕೆ ಸಿಕ್ಕಿದ್ದು ‘ಮಿತವಾಗಿ ಹೊಡೆಯಿರಿ’ ಎಂಬ ಸೂತ್ರ. ಒಪ್ಪಿಗೆ ಕೊಟ್ಟ ಆ ತಂದೆಯ ಪತ್ರಕ್ಕೂ ‘ನಾ ಏನೂ ಕೇಳಂಗಿಲ್ಲ’ ಎಂದ ನಮ್ಮಪ್ಪನ ಮಾತಿಗೂ ಏನು ವ್ಯತ್ಯಾಸವಿದೆ? ನನ್ನ ಪಾಲಿಗೆ ಬಂದ ಮಾಸ್ತರರು ಒಳ್ಳೆಯವರಾಗಿದ್ದರು, ಅಷ್ಟೇ.

ಭಾರತೀಯ ದಂಡ ಸಂಹಿತೆ ಬಂದದ್ದೂ ಅದೇ 1860ರಲ್ಲಿ. ಅದರ 89ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದ್ಭಾವನೆಯಿಂದ ಪೋಷಕರು ಮಾಡಿದ, ಇಲ್ಲವೇ ಅವರ ಒಪ್ಪಿಗೆಯಿಂದ ಇನ್ನೊಬ್ಬರು ಮಾಡಿದ ಕೆಲಸ ಅಪರಾಧವಲ್ಲ ಎನ್ನುತ್ತದೆ. ಸಾವು, ತೀವ್ರ ಗಾಯ ಇವನ್ನು ಹೊರಗಿಟ್ಟಿದೆ. ‘ಕಣ್ಣೆರಡು ಬಿಟ್ಟು’ ಎಂಬ ಮಾತನ್ನು ಕಾನೂನಿನ ಭಾಷೆಗೆ ತಂದರೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಆದರೆ ಆ ಕಲಮಿನ ಕೆಳಗೆ 1860ರವರು ಕೊಟ್ಟ ಉದಾಹರಣೆ ಯಾವುದು ಗೊತ್ತೇ? ಮಗುವಿನ ಮೂತ್ರಕೋಶದ ಕಲ್ಲು ತೆಗೆಸಲು ವೈದ್ಯನಿಂದ ಕೊಯ್ಯಿಸುವ ತಂದೆಯದು. ಬೆತ್ತದ ಮಾತೇ ಅಲ್ಲಿಲ್ಲ. ಶಸ್ತ್ರಚಿಕಿತ್ಸೆಗೆ ಇಟ್ಟ ರಕ್ಷಣೆಯನ್ನು ಆಮೇಲೆ ಬೆತ್ತಕ್ಕೂ ಎಳೆದು ಹೊದಿಸಲಾಯಿತು.

ಶಾಲೆಯ ಮಟ್ಟಿಗೆ ಆ ಹೊದಿಕೆ ಹರಿದಿದೆ. 2000ದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ಬೆತ್ತದ ಅವಕಾಶವನ್ನು ತೆಗೆದುಹಾಕಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಅಪ್ಪ ಒಪ್ಪಿಗೆ ಕೊಟ್ಟಿದ್ದಾನೆ ಎಂಬುದು ಈಗ ಮಾಸ್ತರರನ್ನು ಕಾಯುವುದಿಲ್ಲ. ತನ್ನದಲ್ಲದ್ದನ್ನು ಅಪ್ಪ ಕೊಡುವುದಾದರೂ ಹೇಗೆ?

ಮನೆಯ ಬಾಗಿಲ ಬಳಿ ಮಾತ್ರ ಕಾನೂನಿನ ಕಾಲು ತಡವರಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆ ದೈಹಿಕ ಶಿಕ್ಷೆಯನ್ನು ಬಹಳ ಸ್ಪಷ್ಟವಾಗಿ ವ್ಯಾಖ್ಯಾನಿಸಿದೆ: ಯಾರೇ ಆಗಲಿ, ತಪ್ಪಿಗೆ ಪ್ರತಿಯಾಗಿ ಅಥವಾ ಶಿಸ್ತಿಗಾಗಿ, ಬೇಕೆಂದೇ ಮಗುವಿಗೆ ನೋವು ಕೊಡುವುದು. ‘ಯಾರೇ ಆಗಲಿ’ ಎಂಬಲ್ಲಿ ಅಪ್ಪ ಅಮ್ಮನೂ ಸೇರಿದರು. ಆದರೆ ಶಿಕ್ಷೆ ವಿಧಿಸುವ 82ನೆಯ ಕಲಮಿಗೆ ಬಂದರೆ ಅದು ಮಕ್ಕಳ ಪಾಲನಾ ಸಂಸ್ಥೆಗಳ ಸಿಬ್ಬಂದಿಗೆ ಮಾತ್ರ. ಮನೆಯವರಿಗೆ ತಾಗುವುದು 75ನೆಯ ಕಲಮು. ಮಗುವಿನ ಹೊಣೆ ಹೊತ್ತವರು ಅದಕ್ಕೆ ‘ಅನಗತ್ಯ’ ಮಾನಸಿಕ ಅಥವಾ ದೈಹಿಕ ಯಾತನೆ ಆಗುವಂತೆ ಹಲ್ಲೆ ಮಾಡಿದರೆ, ನಿರ್ಲಕ್ಷಿಸಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಇಡೀ ವ್ಯಾಜ್ಯ ‘ಅನಗತ್ಯ’ ಎಂಬ ಒಂದು ಪದದ ಮೇಲೆ ನಿಂತಿದೆ. ಈ ಪದ 1889ರ ಇಂಗ್ಲೆಂಡಿನ ಮಕ್ಕಳ ಕಾಯ್ದೆಯಿಂದ ನಡೆದುಬಂದದ್ದು. ಅನಗತ್ಯ ಯಾತನೆ ಎಂದೊಡನೆ ಅಗತ್ಯವಾದ ಯಾತನೆಯೂ ಒಂದಿದೆ ಎಂದಾಯಿತು. ಒಂದು ಸಂಗತಿ ಮಾತ್ರ ನೆನಪಿಡಬೇಕು. ಇಂಗ್ಲೆಂಡಿನ 1933ರ ಕಾಯ್ದೆ ತಂದೆತಾಯಿಗೆ ಶಿಕ್ಷಿಸುವ ಹಕ್ಕು ಉಳಿದಿದೆ ಎಂದು ಬಾಯಿಬಿಟ್ಟು ಹೇಳಿತ್ತು. ನಮ್ಮ 2015ರ ಕಾಯ್ದೆ ಹಾಗೆ ಎಲ್ಲಿಯೂ ಹೇಳಿಲ್ಲ. ಹೊಡೆಯುವ ಹಕ್ಕು ಕಾನೂನಿನಲ್ಲಿ ಬರೆದಿದೆ ಎಂದುಕೊಂಡವರು ತಪ್ಪಾಗಿ ತಿಳಿದಿದ್ದಾರೆ.

ಕಾನೂನು ಸಾಕು. ನಮಗೆ ದೂರವಲ್ಲದ ಒಂದು ಊರಿಗೆ ಹೋಗೋಣ. ವಿಜಯಪುರ ಜಿಲ್ಲೆಗೆ ಹತ್ತಿಕೊಂಡಿರುವುದು ಮಹಾರಾಷ್ಟ್ರದ ಸಾಂಗ್ಲಿ. ಅಲ್ಲಿನ ಆಟಪಾಡಿ ತಾಲೂಕಿನ ನೆಲಕರಂಜಿಯಲ್ಲಿ 2025ರ ಜೂನ್‌ನಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ತಂದೆಯ ಹೊಡೆತಕ್ಕೆ ಸತ್ತಳು. ಹತ್ತನೆಯ ತರಗತಿಯಲ್ಲಿ 92 ಪ್ರತಿಶತದ ಮೇಲೆ ಅಂಕ ತೆಗೆದಿದ್ದ ಜಾಣೆ. ನೀಟ್ ಪರೀಕ್ಷೆಯ ತಾಲೀಮಿನಲ್ಲಿ ಅಂಕ ಕಡಿಮೆ ಬಂದವು. ಶಾಲೆಯೊಂದರ ಮುಖ್ಯೋಪಾಧ್ಯಾಯನಾಗಿದ್ದ ತಂದೆ ಬೀಸುವ ಕಲ್ಲಿನ ಗೂಟ ಕಿತ್ತುಕೊಂಡು ಹೊಡೆದ. ಮರುದಿನ ಬೆಳಿಗ್ಗೆ ಯೋಗ ದಿನ ಆಚರಿಸಲು ಶಾಲೆಗೆ ಹೋದ. ತಿರುಗಿ ಬಂದಾಗ ಮಗಳಿಗೆ ಪ್ರಜ್ಞೆ ಇರಲಿಲ್ಲ.

ಆ ಗೂಟ ನನ್ನ ತಲೆಯಿಂದ ಹೋಗುತ್ತಿಲ್ಲ. ಬೀಸುವ ಕಲ್ಲಿನ ಗೂಟ ಹಿಡಿದು ಬೆಳೆದ ಕೈ ನಮ್ಮೆಲ್ಲರ ಮನೆಯ ಅಜ್ಜಿಯದು. ಹೊತ್ತು ಮೂಡುವ ಮೊದಲು ಅದನ್ನು ಹಿಡಿದು ಹಾಡುತ್ತ ಜೋಳ ಬೀಸುತ್ತಿದ್ದರು. ಮಗುವನ್ನು ಹೊಡೆಯಲು ಮನೆಯಲ್ಲಿ ಸಿಗುವುದೆಲ್ಲ ಅಂಥವೇ ಸಾಮಾನು: ಲಟ್ಟಣಿಗೆ, ಕಸಬರಿಗೆ, ಬಾರಕೋಲು, ಒಲೆಗೆ ತಂದಿಟ್ಟ ತೊಗರಿ ಕಟ್ಟಿಗೆ, ಕೆಂಪಗೆ ಕಾದ ಸವುಟು. ಅನ್ನ ಕೊಡುವ ವಸ್ತುಗಳೇ ಆಯುಧವಾಗುತ್ತವೆ. ಕೈಗೆ ಏನು ಸಿಗುತ್ತದೆ ಎಂಬುದನ್ನು ಆರಿಸುವುದು ಸಿಟ್ಟು. ಗೆರೆಯನ್ನು ಪೆಟ್ಟಿನ ಅಳತೆಯ ಮೇಲೆ ಎಳೆಯುವವರು ಮರೆಯುವುದು ಇದನ್ನೇ. ಸಿಟ್ಟಿನಲ್ಲಿರುವ ಕೈಗೆ ಅಳತೆ ಗೊತ್ತಾಗುವುದಿಲ್ಲ.

2024ರ ನವೆಂಬರ್‌ನಲ್ಲಿ ಬೆಂಗಳೂರಿನ ಕುಮಾರಸ್ವಾಮಿ ಬಡಾವಣೆಯಲ್ಲಿ ಹದಿನಾಲ್ಕರ ಹುಡುಗನೊಬ್ಬ ಹೀಗೆಯೇ ಸತ್ತ. ಜಗಳ ಮೊಬೈಲಿನದು, ಶಾಲೆ ತಪ್ಪಿಸಿದ್ದು. ತಂದೆಯ ಕೈಗೆ ಸಿಕ್ಕಿದ್ದು ಕ್ರಿಕೆಟ್ ಬ್ಯಾಟು. ಮಗ ಕೆಟ್ಟ ಸಹವಾಸಕ್ಕೆ ಬಿದ್ದಿದ್ದಾನೆ, ತಿದ್ದಬೇಕು ಎಂಬುದು ಆ ಮನೆಯ ಚಿಂತೆಯಾಗಿತ್ತು. ಈ ಎರಡು ಮನೆಗಳಲ್ಲಿ ಕೊಲ್ಲುವ ಉದ್ದೇಶ ಇತ್ತೆಂದು ನಾನು ನಂಬುವುದಿಲ್ಲ. ಮೊದಲ ಪೆಟ್ಟು ಬಿದ್ದಾಗ ಅದು ಶಿಸ್ತೇ ಆಗಿತ್ತು. ಎಷ್ಟನೆಯ ಪೆಟ್ಟಿಗೆ ಅದು ಕೊಲೆಯಾಯಿತೋ ಹೊಡೆದವರಿಗೇ ತಿಳಿಯಲಿಲ್ಲ.

ಇಂಥ ಸಾವುಗಳು ಅಪರೂಪ, ಇವನ್ನಿಟ್ಟು ಎಲ್ಲ ತಂದೆತಾಯಿಯರನ್ನು ದೂರಬಾರದು ಎಂಬ ಮಾತು ಬರುತ್ತದೆ. ಒಪ್ಪುತ್ತೇನೆ. ಸಾವಿನವರೆಗೆ ಹೋಗದ, ಸುದ್ದಿಯಾಗದ ಹೊಡೆತದ ಲೆಕ್ಕ ನೋಡೋಣ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳಲ್ಲಿ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಪೆಟ್ಟು ತಿಂದವರಲ್ಲಿ 88.6 ಪ್ರತಿಶತ ಮಕ್ಕಳನ್ನು ಹೊಡೆದವರು ಹೆತ್ತವರೇ.

ವೈದ್ಯರು ಈ ವಿಷಯಕ್ಕೆ ಬಂದದ್ದು ತಡವಾಗಿ. 1946ರಲ್ಲಿ ಜಾನ್ ಕ್ಯಾಫಿ ಎಂಬ ಅಮೆರಿಕದ ಎಕ್ಸ್‌ರೇ ತಜ್ಞರು ಕೂಸುಗಳ ಮುರಿದ ಕೈಕಾಲಿನ ಎಲುಬುಗಳಿಗೂ ತಲೆಯೊಳಗಿನ ರಕ್ತಸ್ರಾವಕ್ಕೂ ಸಂಬಂಧವಿರುವುದನ್ನು ಗುರುತಿಸಿದರು. 1962ರಲ್ಲಿ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಇದು ಹೊಡೆತ ಎಂದು ಹೆಸರಿಟ್ಟು ಬರೆದರು. ಅಲ್ಲಿಯವರೆಗೆ ತಾಯಿ ‘ಬಿದ್ದಿತ್ತು’ ಅಂದರೆ ವೈದ್ಯರು ‘ಬಿದ್ದಿತ್ತು’ ಎಂದೇ ಬರೆದುಕೊಳ್ಳುತ್ತಿದ್ದರು. ಈಗ ತಾಲೂಕು ಆಸ್ಪತ್ರೆಯ ವೈದ್ಯರಿಗೂ ಇದು ಗೊತ್ತಿರಬೇಕಾದ ಸಂಗತಿ. ಓಡಾಡುವ ಮಗುವಿನ ಮೊಣಕಾಲು, ಮುಂಗಾಲು, ಹಣೆ ಕಂದಿದ್ದರೆ ಅದು ಆಟದ ಗುರುತು. ಕಿವಿ, ಕುತ್ತಿಗೆ, ಬೆನ್ನು, ಒಳತೊಡೆ ಕಂದಿದ್ದರೆ ಬೇರೆ. ಇನ್ನೂ ಅಂಬೆಗಾಲಿಕ್ಕದ ಕೂಸಿನ ಮೈಮೇಲೆ ಕಲೆ ಕಂಡರೆ ಕೇಳಲೇಬೇಕು. ಗಾಯ ಹೇಳುವ ಕತೆ ಒಂದು, ಕರೆತಂದವರು ಹೇಳುವ ಕತೆ ಇನ್ನೊಂದು ಆದರೆ, ನಿನ್ನೆಯ ಗಾಯಕ್ಕೆ ಇವತ್ತು ಬಂದಿದ್ದರೆ, ಆಗಲೂ ಕೇಳಬೇಕು.

ಕಲೆ ಬೀಳದ ಹೊಡೆತದ ಬಗ್ಗೆ ಪಂಡಿತರಲ್ಲಿ ವಾದ ಇದೆ, ಅದನ್ನು ಮುಚ್ಚಿಡಬಾರದು. ಎಲಿಜಬೆತ್ ಗೆರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ 2016ರಲ್ಲಿ ಐವತ್ತು ವರ್ಷಗಳ 75 ಅಧ್ಯಯನಗಳನ್ನು, 1 ಲಕ್ಷ 60 ಸಾವಿರ ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಬರಿಗೈಯಿಂದ ಕುಂಡಿಗೋ ಕೈಕಾಲಿಗೋ ಕೊಡುವ ಪೆಟ್ಟನ್ನಷ್ಟೇ ಪರಿಗಣಿಸಿದರು. ನೋಡಿದ 17 ಪರಿಣಾಮಗಳಲ್ಲಿ 13 ಕೆಡುಕಿನ ಕಡೆ ವಾಲಿದ್ದವು: ಆಕ್ರಮಣಶೀಲತೆ, ಮಾನಸಿಕ ಆರೋಗ್ಯದ ತೊಂದರೆ, ತಂದೆತಾಯಿಯೊಂದಿಗೆ ಹಳಸಿದ ಸಂಬಂಧ. ಒಳಿತಿನ ಕಡೆ ವಾಲಿದ್ದು ಒಂದೂ ಇಲ್ಲ. ರಾಬರ್ಟ್ ಲಾರ್ಜೆಲಿಯರ್ ಅಂಥವರ ಆಕ್ಷೇಪ ಏನೆಂದರೆ, ತಂಟೆಕೋರ ಮಕ್ಕಳಿಗೇ ಹೆಚ್ಚು ಪೆಟ್ಟು ಬೀಳುತ್ತದೆ, ಹಾಗಾಗಿ ಕಾರಣ ಯಾವುದು ಪರಿಣಾಮ ಯಾವುದು ಹೇಳಲಾಗದು. ಬೇರೆ ದಾರಿ ಸೋತಾಗ ಶಾಂತ ಮನಸ್ಸಿನಿಂದ ಕೊಡುವ ಹಗುರ ಪೆಟ್ಟನ್ನು ಉಳಿದವುಗಳ ಜತೆ ಸೇರಿಸಬಾರದು ಎಂದೂ ಅವರು ಹೇಳುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಶಾಂತ ಮನಸ್ಸಿನಿಂದ ಹೊಡೆಯುವ ತಾಯಿಯನ್ನು ನಾನು ನಮ್ಮ ಓಣಿಯಲ್ಲಿ ಕಂಡಿಲ್ಲ. ಮನಸ್ಸು ಶಾಂತವಾದಾಗ ಆಕೆ ಹೊಡೆಯುವುದಿಲ್ಲ, ಮಗುವಿಗೆ ಊಟ ಹಾಕಿ ಪಕ್ಕದಲ್ಲಿ ಕೂತು ಅಳುತ್ತಾಳೆ.

ಆಕೆಯ ಸ್ಥಿತಿಯನ್ನೂ ನೋಡಬೇಕು. ಮಳೆ ಕೈಕೊಟ್ಟ ವರ್ಷ ಗಂಡ ಗೋವಾಕ್ಕೋ ಮಂಗಳೂರು ಉಡುಪಿಗೋ ಗುಳೆ ಹೋಗಿರುತ್ತಾನೆ. ನಮ್ಮ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಇದು ಹೊಸದಲ್ಲ. ಮೂರು ಮಕ್ಕಳು, ಒಬ್ಬ ಮುದುಕಿ, ಒಂದು ಎಮ್ಮೆ, ಹಗಲೆಲ್ಲ ಹೊಲದ ಕೂಲಿ, ಸಂಜೆ ನೀರಿಗೆ ಪಾಳಿ. ಹುಡುಗ ಹಾಲು ಚೆಲ್ಲಿದ. ಆ ಹೊತ್ತಿಗೆ ಬೀಳುವ ಪೆಟ್ಟು ಹಾಲಿಗಲ್ಲ ಎಂಬುದು ಆಕೆಗೂ ಗೊತ್ತು. ಹಾಗೆಂದು ಹುಡುಗನ ಬೆನ್ನಿಗೆ ಪೆಟ್ಟು ಕಡಿಮೆ ತಾಗುವುದಿಲ್ಲವಲ್ಲ. ತಾಯಿಗೆ ಬೇಕಾದದ್ದು ಜೈಲಲ್ಲ, ಒಂದಿಷ್ಟು ಉಸಿರಾಡಲು ಬಿಡುವು. ಅಂಗನವಾಡಿ ಸಂಜೆಯವರೆಗೆ ತೆರೆದಿದ್ದರೆ, ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ನೀರು ಬಂದರೆ ತಾಲೂಕಿನಲ್ಲಿ ಎಷ್ಟು ಪೆಟ್ಟು ಕಡಿಮೆಯಾಗಬಹುದು ಎಂದು ನಾನು ಯೋಚಿಸುವುದುಂಟು.

ಕೈ ಎತ್ತದೆಯೂ ಬೀಳುವ ಪೆಟ್ಟುಗಳಿವೆ. ‘ನಿನ್ನ ಹಡಿಯೂ ಬದಲಿ ಒಂದ ಕಲ್ಲ ಹಡದಿದ್ರ ಅರಿವಿ ಒಗಿಯಾಕರೆ ಬರತಿತ್ತು’ ಎಂಬ ಮಾತನ್ನು ನಮ್ಮಲ್ಲಿ ಎಷ್ಟು ತಾಯಂದಿರು ಆಡಿಲ್ಲ! ಕಾಯ್ದೆ ಮಾನಸಿಕ ಯಾತನೆ ಎಂದು ಬರೆದದ್ದು ಇದನ್ನೂ ಸೇರಿಸಿಯೇ. ಹದಿನೈದರ ಮಗಳನ್ನು ಮಾವನಿಗೆ ಕಟ್ಟುವುದೂ ಇದೇ ಸಾಲಿನದು. 2017ರಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇವುಗಳ ಬೇರು ಒಂದೇ, ‘ಹಡದೀನಿ, ಅಂದ್ರ ನಂದು’ ಎಂಬ ನಂಬಿಕೆ. ಮಕ್ಕಳು ದೊಡ್ಡವರಾದರೂ ಅದು ಸಡಿಲವಾಗುವುದಿಲ್ಲ. 2017ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಗುಂಡಕನಾಳದಲ್ಲಿ ತಾನು ಮೆಚ್ಚಿದವನನ್ನು ಮದುವೆಯಾದ 21ರ ಗರ್ಭಿಣಿಯನ್ನು ತವರಿನವರೇ ಸುಟ್ಟು ಕೊಂದದ್ದನ್ನು ಇಲ್ಲಿಯವರು ಮರೆತಿಲ್ಲ.

ನಮ್ಮ ಸಂಸ್ಕೃತಿಯೇ ಹೀಗೆ, ದೊಡ್ಡವರ ಮಾತು ಮೀರಬಾರದು ಎನ್ನುವವರಿಗೆ ಒಂದು ಮಾತು. ಪ್ರಹ್ಲಾದನ ಕತೆ ಹೇಳದ ಮನೆ ಇದೆಯೇ? ಮಗನನ್ನು ದಾರಿಗೆ ತರಲು ಆನೆ ತುಳಿಸಿದ, ಹಾವು ಕಚ್ಚಿಸಿದ, ಬೆಟ್ಟದಿಂದ ನೂಕಿಸಿದ ಹಿರಣ್ಯಕಶಿಪು ತನ್ನ ಮಟ್ಟಿಗೆ ಶಿಸ್ತು ಕಲಿಸುತ್ತಿದ್ದ ತಂದೆಯೇ. ದೇವರು ಕಂಬ ಒಡೆದು ಬಂದದ್ದು ಮಗುವಿನ ಪರವಾಗಿ. ಮುದ್ದೇಬಿಹಾಳದ ನೆರೆಯ ಬಸವನ ಬಾಗೇವಾಡಿಗೆ ಹೋಗಿ ನೋಡಿ. ಎಂಟರ ವಯಸ್ಸಿನಲ್ಲಿ ಜನಿವಾರ ಬೇಡವೆಂದು ತಂದೆಗೆ ಎದುರಾಡಿ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಎಂದು ಪರಂಪರೆ ಹೇಳುವ ಹುಡುಗನಿಗೆ ಅಲ್ಲಿ ಗುಡಿ ಇದೆ. ಆ ಹುಡುಗನ ಮಾತನ್ನು ಬಾಯಿಪಾಠ ಮಾಡಿಸಲು ನಾವು ಬೇರೆ ಹುಡುಗರಿಗೆ ಬೆತ್ತ ತೋರಿಸಿದ್ದೇವೆ.

ಸ್ವೀಡನ್ 1979ರಲ್ಲಿ ಮನೆಯೊಳಗೂ ಮಕ್ಕಳನ್ನು ಹೊಡೆಯಬಾರದು ಎಂದು ಕಾನೂನು ಮಾಡಿದ ಮೊದಲ ದೇಶ. ಆ ಕಾನೂನಿನಲ್ಲಿ ಶಿಕ್ಷೆಯನ್ನೇ ಇಡಲಿಲ್ಲ. ಬದಲಿಗೆ ಹಾಲಿನ ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿ ಮನೆಮನೆಗೆ ಮುಟ್ಟಿಸಿದರು. ನಮ್ಮ ನಂದಿನಿ ಪಾಕೀಟಿನ ಮೇಲೂ ಅಂಥದೊಂದು ಸಾಲು ಬರಬಾರದೇಕೆ? ಈಗ 60ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಕಾನೂನಿದೆ. ದಕ್ಷಿಣ ಏಷ್ಯಾದಲ್ಲಿ ನೇಪಾಳ 2018ರಲ್ಲಿ ಮೊದಲು ಮಾಡಿತು. 1992ರಲ್ಲೇ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದ ಭಾರತ ಇನ್ನೂ ಮಾಡಿಲ್ಲ.

ಸರಕಾರ ಮನೆಯೊಳಗೆ ಬಂದು ಮಕ್ಕಳನ್ನು ಎತ್ತಿಕೊಂಡು ಹೋದರೆ ಎಂಬ ಅಂಜಿಕೆ ಸುಳ್ಳಲ್ಲ. 2012ರ ಡಿಸೆಂಬರಿನಲ್ಲಿ ನಾರ್ವೆಯ ಓಸ್ಲೊ ನ್ಯಾಯಾಲಯ ಆಂಧ್ರದ ದಂಪತಿಗೆ, ತಂದೆಗೆ 18 ತಿಂಗಳು, ತಾಯಿಗೆ 15 ತಿಂಗಳು ಜೈಲು ವಿಧಿಸಿದಾಗ ಇಲ್ಲಿ ‘ಮಗನಿಗೆ ಗದರಿಸಿದ್ದಕ್ಕೆ ಜೈಲು’ ಎಂದು ಸುದ್ದಿಯಾಯಿತು. ಬೆಲ್ಟಿನ ಹೊಡೆತ, ಸುಟ್ಟ ಗಾಯ ಆರೋಪದಲ್ಲಿದ್ದವು. ಇಬ್ಬರೂ ಜೈಲಿಗೆ ಹೋದರೆ ಮಗುವಿಗೆ ಯಾರು ಎಂಬ ಪ್ರಶ್ನೆಯೂ ನಿಜವೇ. ಹಾಗಾಗಿ ನಾನು ಕೇಳುವುದು ಸ್ವೀಡನ್ನಿನ ಬಗೆಯ ಕಾನೂನು. ‘ಅನಗತ್ಯ’ ಎಂಬ ಪದ ತೆಗೆಯಲಿ, ಮಗುವನ್ನು ಹೊಡೆಯುವ ಹಕ್ಕು ಯಾರಿಗೂ ಇಲ್ಲ ಎಂದು ಬರೆಯಲಿ, ಜೈಲನ್ನು ನಿಜವಾದ ಕ್ರೌರ್ಯಕ್ಕೆ ಉಳಿಸಿಕೊಳ್ಳಲಿ. ಗೆರೆ ಇರಬೇಕಾದದ್ದು ಕೈ ಮೇಲೇಳುವ ಮೊದಲು.

ಕಾನೂನು ಬರುವವರೆಗೆ ಏನು? ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಯಾರ ಮನೆಯಲ್ಲಿ ಮಗು ಚೀರಿದರೂ ಕೇಳದೆ ಒಳಗೆ ನುಗ್ಗುತ್ತಿದ್ದಳು. ‘ಏ ಬಿಡವ್ವಾ ಸಾಕ, ಕೂಸ ಹೆದರೈತಿ’ ಎಂದು ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ತನ್ನ ಮನೆಗೆ ಕರೆದೊಯ್ದು ಬೆಲ್ಲ ಶೇಂಗಾ ಕೊಡುತ್ತಿದ್ದಳು. ಎರಡು ತಾಸಿನ ಮೇಲೆ ತಾಯಿಯೇ ಹುಡುಕಿಕೊಂಡು ಬರುತ್ತಿದ್ದಳು. ನಾನೂ ಆ ಸೆರಗಿನೊಳಗೆ ನಿಂತವನೇ. ಅದರ ಒಲೆಹೊಗೆಯ ವಾಸನೆ ಇನ್ನೂ ಗೊತ್ತು. ಅಂಥ ಮುದುಕಿಯರು ಈಗ ಕಡಿಮೆಯಾದರು, ಗೋಡೆಗಳು ಎತ್ತರವಾದವು, ಅವರ ಮನೆಯ ವಿಷಯ ನಮಗ್ಯಾಕೆ ಎಂಬುದು ಸಭ್ಯತೆಯಾಯಿತು.

ಪಕ್ಕದ ಮನೆಯಲ್ಲಿ ಮಗು ಚೀರುವುದು ಕೇಳಿದರೆ ದಯವಿಟ್ಟು ಹೋಗಿ ಕದ ಬಡಿಯಿರಿ. ಜಗಳ ಬೇಡ, ಮೊಸರಿಗೆ ಹೆಪ್ಪು ಕೇಳುವ ನೆವ ಸಾಕು. ಕದ ತೆರೆಯುವಷ್ಟರಲ್ಲಿ ಎತ್ತಿದ ಕೈ ಇಳಿದಿರುತ್ತದೆ. ಹೋಗಲು ಆಗದಿದ್ದರೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ, ನಿಮ್ಮ ಹೆಸರು ಹೇಳಬೇಕೆಂದೇನೂ ಇಲ್ಲ.